ಹಳದಿ ದೀಪ ಎಣಿಸಿದೋರು

ಒಸಿ ಇತ್ತ ಸರ್ಕಳಿ... ಜೋರಾಗಿ ಹೇಳಕ್ಕಾಗಕ್ಕಿಲ್ಲ. ಒಳಗೆ ಚಿಕ್ಕವ್ವ ಮಲಗವ್ಳೆ. ಈ ಮಾತು ಎತ್ತಿದ್ರೆ ಅವಳಿಗೆ ಸರಿಬರಕ್ಕಿಲ್ಲ. ಕತೆ ಅಂತ ನೀವು ಕೇಳಿದ್ರಿ, ಆದ್ರೆ ಇದು ಕತೆ ಅಲ್ಲ. ನಮ್ಮ ಚಿಕ್ಕಪ್ಪನ ಮಗ ದೇವರಾಜನಿಗೆ ಆಗಿದ್ದು.

ಸಾತನೂರಲ್ಲಿ ಬಸ್ಸಿಳಿದು ನಮ್ಮೂರ ಕಡೆ ನಡ್ಕಂಡು ಬಂದ್ರೆ ಅರ್ಧ ದಾರೀಲಿ ಒಂದು ಆಲದ ಮರ ಸಿಗ್ತದೆ. ಮರದ ಮಗ್ಗುಲಲ್ಲೇ ಬಾವಿ. ಹಳೇ ಮೆಟ್ಲು ಬಾವಿ. ರಸ್ತೆ ಅಗಲ ಮಾಡುವಾಗ ಅರ್ಧಕ್ಕೆ ಮಣ್ಣು ಸುರಿದ್ರು, ಇನ್ನರ್ಧ ಹಂಗೇ ಬುಟ್ಟೋದ್ರು. ಕಟ್ಟೆ ಇಲ್ಲ, ಕಂಬಿ ಇಲ್ಲ. ಹಗಲಲ್ಲೇ ಹೆಂಗಸ್ರು ಅಲ್ಲಿ ನಿಲ್ಲಕ್ಕಿಲ್ಲ. ದೇವರಾಜ ದಿನಾ ಕೊನೇ ಬಸ್ಸಿಗೆ ಬಂದು, ಒಬ್ನೇ ಆ ಬಾವಿ ಮಗ್ಗುಲಲ್ಲಿ ನಡ್ಕಂಡು ಮನೆಗೆ ಬರೋನು. ಮರದ ಮ್ಯಾಲೆ ಬಾವಲಿ ಪಟಪಟ ಅಂತಿದ್ವು, ಕಾಲಡೀಲಿ ಒಣ ಎಲೆ ಚರ್... ಚರ್... ಅಂತಿತ್ತು. ಅವನು ಬೀಡಿ ಹಚ್ಕೊಂಡು ತನ್ನ ಪಾಡಿಗೆ ಬರೋನು. ಭಯ ಆಗಕ್ಕಿಲ್ವೇನ್ಲಾ ಅಂತ ನಾನೇ ಒಂದ್ಸಲ ಕೇಳಿದ್ದೆ. ವೈರಲ್ಲಿ ಹರಿಯದೇ ಇರೋದನ್ನ ನಾನು ನಂಬಕ್ಕಿಲ್ಲ ಕಣಣ್ಣ ಅಂದ.

ಮೆಕ್ಯಾನಿಕ್ಕು ಅವನು. ಚನ್ನಪಟ್ಟಣದಲ್ಲಿ, ದೊಡ್ಡ ರಸ್ತೆ ಮ್ಯಾಲೇ ಒಂದು ಗ್ಯಾರೇಜು. ಬಿಡದಿ ಕಡೆ ಕಂಪ್ನಿ ಮ್ಯಾಲೆ ಕಂಪ್ನಿ ಎದ್ದು, ಶಿಫ್ಟಿಗೆ ಜನ ಹೊತ್ಕೊಂಡು ಓಡಾಡೋ ಗಾಡಿಗಳು ದಿಢೀರಂತ ಜಾಸ್ತಿ ಆದ ಕಾಲ ಅದು. ಮೊದ್ಲು ಇಂಜಿನ್ನು ಕೆಟ್ರೆ ಕಿವಿ ಇಟ್ಟು ಕೇಳಿ ಹೇಳೋರು. ಹೊಸ ಗಾಡಿಗಳಿಗೆ ಕಂಪ್ಯೂಟರ್ ಬಂತು. ಮೀಟರ್ ಬೋರ್ಡಿನಲ್ಲಿ ಒಂದು ಹಳದಿ ದೀಪ. ಬ್ಯಾಟ್ರಿ ಪಕ್ಕ ಒಂದು ಸಣ್ಣ ಸಾಕೆಟ್ಟು. ಸಾಕೆಟ್ಟಿನ ಎರಡು ತೂತಿಗೆ ಒಂದು ತುಂಡು ವೈರ್ ಸಿಗಿಸಿ ಚಾವಿ ಆನ್ ಮಾಡಿದ್ರೆ, ಆ ದೀಪ ಮಿಣುಕಿ ಮಿಣುಕಿ ತನ್ನ ಕಾಯ್ಲೆ ತಾನೇ ಹೇಳ್ತದೆ. ಒಂದ್ಸಲ ಮಿಣುಕಿ, ಒಸಿ ತಡೆದು, ಎರಡ್ಸಲ ಮಿಣುಕಿದ್ರೆ ಹನ್ನೆರಡು. ಹನ್ನೆರಡು ಅಂದ್ರೆ ನಂಗೇನೂ ಆಗಿಲ್ಲ, ಎಲ್ಲ ಸರಿ ಅಂತ. ಬೇರೆ ನಂಬರ್ ಬಂದ್ರೆ ಬೇರೆ ಬೇರೆ ಕಾಯ್ಲೆ. ದೇವರಾಜನಿಗೆ ಅವೆಲ್ಲ ಬಾಯಿಪಾಠ.

ಹೊಂಗನೂರಿನ ಬೋರಲಿಂಗಯ್ಯ ಅನ್ನೋರ ಒಂದು ಬಿಳಿ ಕಾರು ಗ್ಯಾರೇಜಿಗೆ ಬಂದಿತ್ತು. ಅದರ ರೋಗ ಏನಪ್ಪ ಅಂದ್ರೆ, ಒಂದೊಂದ್ಸಲ ಸ್ಟಾರ್ಟೇ ಆಗ್ತಿರ್ಲಿಲ್ಲ. ದಾರಿ ಮಧ್ಯೆ ನಿಂತೋಗ್ತಿತ್ತು. ತಳ್ಳಿಸ್ಕಂಡು ಗ್ಯಾರೇಜಿಗೆ ತಂದ್ರೆ, ಚಾವಿ ಹಾಕಿದ ತಕ್ಷಣ ಸ್ಟಾರ್ಟು. ವೈರ್ ಸಿಗಿಸಿ ನೋಡಿದ್ರೆ ದೀಪ ಒಂದು... ಎರಡು... ಅಂತಿತ್ತು. ಎಲ್ಲ ಸರಿ ಅಂತ. ಬೋರಲಿಂಗಯ್ಯನೋರಿಗೆ ಸಾಕಾಗೋಗಿತ್ತು. ಅದಕ್ಕೇ ದೇವರಾಜ ಅವರನ್ನ ಕೇಳಿ ಕಾರನ್ನ ಮನೆಗೇ ತಂದ. ರಾತ್ರಿ ತಣ್ಣಗಾದ ಮ್ಯಾಲೆ ಹೆಂಗಾಡ್ತದೆ ನೋಡನ ಅಂತ. ಬರುವಾಗ ಎಲ್ಲೂ ನಿಲ್ಲಲಿಲ್ಲ. ಅಂಗಳದಲ್ಲಿ ನಿಲ್ಸಿ, ಉಂಡು ಮಲಗ್ದ.

ಮನೇಲಿದ್ದಿದ್ದು ಅವನು, ಚಿಕ್ಕವ್ವ ಇಬ್ರೇ. ಚಿಕ್ಕವ್ವ ಅಂದ್ರೆ ಅವನ ತಾಯಿ, ದೊಡ್ಡಲಕ್ಷ್ಮಮ್ಮ. ಅವನ ಹೆಂಡ್ತಿ ಸುಮನಾ ಬಾಣಂತನಕ್ಕೆ ಅಂತ ದೊಡ್ಡಮಳೂರಿಗೆ ತವರಿಗೆ ಹೋಗಿದ್ಲು. ಅದು ತೋಟದ ಮನೆ, ಕೂಗಿದ್ರೂ ಊರಿಗೆ ಕೇಳಕ್ಕಿಲ್ಲ.

ಚಿಕ್ಕವ್ವನಿಗೆ ಮೊದಲಿಂದ್ಲೂ ಉಬ್ಬಸ. ಅವತ್ತು ಗೂಡು ಕಿತ್ತು ಮಾರಿದ್ರು, ಮುಂದಿನ ಬೆಳೆಗೆ ಅಂತ ರೇಷ್ಮೆ ಹುಳದ ಮನೆಗೆಲ್ಲ ಬ್ಲೀಚಿಂಗ್ ಪೌಡರ್ ಎರಚಿ ಗುಡಿಸಿದ್ಲು. ಮಗ ಬೇಡ ಅಂದಿದ್ದ, ಕೇಳಲಿಲ್ಲ. ರಾತ್ರಿ ಎಷ್ಟೊತ್ತಲ್ಲೋ ದೇವರಾಜನಿಗೆ ಎಚ್ಚರ ಆಯ್ತು. ಕೋಣೇಲಿ ಸುಯ್ಯ್... ಕೀಂ... ಸುಯ್ಯ್... ಕೀಂ... ಒಡೆದ ಪೀಪಿ ಊದ್ದಂಗೆ. ಹೋಗಿ ನೋಡಿದ್ರೆ ಚಿಕ್ಕವ್ವ ಗೋಡೆಗೊರಗಿ, ಎರಡು ಕೈನೂ ನೆಲಕ್ಕೂರಿ ಕೂತವ್ಳೆ. ತುಟಿ ನೇರಳೆ ಹಣ್ಣು ತಿಂದಂಗಾಗೈತೆ. ಬಾಯಿಗೆ ಹೊಡ್ಕಳೋ ಪಂಪು ತಂದು ಒತ್ತಿದ. ಬರೀ ಪುಸ್ ಅಂತು. ಖಾಲಿ.

ಈಗಿನಂಗೆ ನೂರಾ ಎಂಟು ಗಾಡಿ ಆಗೆಲ್ಲಿತ್ತು? ಆಸ್ಪತ್ರೆ ಅಂದ್ರೆ ಕನಕಪುರವೇ. ಇರೋದೊಂದೇ ದಾರಿ, ಆ ಬಿಳಿ ಕಾರು. ಅದನ್ನ ನಂಬಕ್ಕಾಗಕ್ಕಿಲ್ಲ ಅಂತ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರ್ಲಿಲ್ಲ. ಆದ್ರೂ ಅವ್ವನ್ನ ಎತ್ಕಂಡು ಹಿಂದಿನ ಸೀಟಿಗೆ ಒರಗಿಸಿದ. ಮನೆದೇವ್ರನ್ನ ನೆನೆಸ್ಕಂಡು ಚಾವಿ ತಿರುಗ್ಸಿದ. ಒಂದೇ ಸಲಕ್ಕೆ ಸ್ಟಾರ್ಟಾಯ್ತು. ಆ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು ಕಣಣ್ಣ ಅಂದ ನನ್ ತಾವ.

ಆಲದ ಮರದ ಗಂಟ ಬಂತು.

ಅಲ್ಲಿ... ಜರ್ಕು ಹೊಡೀಲಿಲ್ಲ, ಸದ್ದು ಮಾಡ್ಲಿಲ್ಲ. ಉಸಿರು ನಿಂತಂಗೆ ಇಂಜಿನ್ನು ನಿಂತೋಯ್ತು. ಗಾಡಿ ತನ್ನ ಪಾಡಿಗೆ ಉರುಳ್ಕಂಡು ಹೋಗಿ, ಸರಿಯಾಗಿ ಬಾವಿ ಮಗ್ಗುಲಲ್ಲಿ ನಿಂತ್ಕಂತು.

ಚಾವಿ ತಿರುಗ್ಸಿದ. ಗರ್ರ್ ಗರ್ರ್ ಗರ್ರ್. ಇಂಜಿನ್ನು ತಿರುಗ್ತದೆ, ಹಿಡ್ಕಳ್ಳಕ್ಕಿಲ್ಲ. ಮತ್ತೆ ತಿರುಗ್ಸಿದ. ಗರ್ರ್ ಗರ್ರ್. ಹಿಂದಿನ ಸೀಟಲ್ಲಿ ಚಿಕ್ಕವ್ವ ಸುಯ್ಯ್... ಕೀಂ... ಬ್ಯಾಟ್ರಿ ಇಳಿದ್ರೆ ಕತೆ ಮುಗೀತು ಅಂತ ಲೈಟೆಲ್ಲ ಆರಿಸ್ಬುಟ್ಟ. ಕಗ್ಗತ್ತಲು. ಅಮಾಸೆ ಇನ್ನೇನು ಹತ್ರದಲ್ಲಿತ್ತು.

ಗಾಬರಿ ಆದ್ರೂ ಕೈ ಕಲ್ತಿದ್ದನ್ನ ಬುಡಕ್ಕಿಲ್ಲ ನೋಡಿ. ಚಾವಿ ಆನ್ ಮಾಡಿ ಕಿವಿ ಕೊಟ್ಟ. ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪು ಝೂಂ... ಅಂತ ಕೂಗಿ ಟಕ್ ಅಂತ ನಿಂತ್ಕಂತು. ಪಂಪು ಸರಿಯಾಗೈತೆ. ಪೆಟ್ರೋಲು ಐತೆ. ಮತ್ತೇನು? ಇನ್ನು ದೀಪಾನೇ ಕೇಳ್ಬೇಕು. ಬಾನೆಟ್ ಎತ್ತಿ, ಸಿಗ್ನಲ್ಲೇ ಸಿಗದ ಮೊಬೈಲಿನ ಬ್ಯಾಟ್ರಿ ದೀಪ ಬಾಯಲ್ಲಿ ಕಚ್ಕಂಡು, ಸಾಕೆಟ್ಟಿಗೆ ವೈರ್ ಸಿಗಿಸಿದ. ನಿಲ್ಲಲಿಲ್ಲ, ಜಾರ್ತು. ಒಳಗಿನ ಪಿನ್ನು ಸಡ್ಲ ಆಗಿತ್ತು, ಬೆರಳಲ್ಲಿ ಒತ್ತಿ ಹಿಡ್ಕಂಡ್ರೆ ಮಾತ್ರ ತಗಲ್ತಿತ್ತು. ಗ್ಯಾರೇಜಲ್ಲಾದ್ರೆ ಒಬ್ರು ಹಿಡ್ಕಳೋರು, ಒಬ್ರು ಸೀಟಲ್ಲಿ ಕೂತು ಎಣಿಸೋರು. ಇಲ್ಲಿ? ಇವನು ವೈರ್ ಹಿಡ್ಕಂಡು ಬಾನೆಟ್ ಮುಂದೆ. ದೀಪ ಒಳಗೆ. ಮಧ್ಯೆ ಎತ್ತಿದ ಬಾನೆಟ್ಟು ಗೋಡೆ ಥರ.

ಅವ್ವಾ, ಮುಂದಕ್ಕೆ ಬಗ್ಗಿ ಹಳದಿ ದೀಪ ಒಸಿ ನೋಡವ್ವ ಅಂತ ಕೂಗಿದ. ಚಿಕ್ಕವ್ವ ಕೈ ಎತ್ತಿದ್ಲಂತೆ, ಅಷ್ಟೇ. ಕೈ ಹಂಗೇ ಬಿತ್ತು.

ಒಂದು ಕೈಯಲ್ಲಿ ವೈರ್ ಒತ್ತಿ ಹಿಡ್ದು, ಮೈಯೆಲ್ಲ ಚಾಚಿ, ಕಿಟಕಿ ಕಡೆ ಕುತ್ತಿಗೆ ತಿರುವಿ ನೋಡಿದ. ಎಟುಕಲಿಲ್ಲ. ಮತ್ತೆ ನೋಡಿದ. ವೈರ್ ಜಾರಿ ಇಂಜಿನ್ ಸಂದಿಗೆ ಬಿತ್ತು. ಕತ್ತಲಲ್ಲಿ ತಡಕಿ ತೆಗೆಯಷ್ಟರಲ್ಲಿ ಬಿಸಿ ಸೈಲೆನ್ಸರ್ ಪೈಪು ತಗುಲಿ ಮುಂಗೈ ಸುಟ್ಕಂತು. ಅಷ್ಟರಲ್ಲಿ ಕಲ್ಲು ತುಂಬ್ಕಂಡು ಒಂದು ಲಾರಿ ಬಂತು. ರಸ್ತೆ ಮಧ್ಯಕ್ಕೇ ಓಡಿ ಎರಡು ಕೈನೂ ಎತ್ತಿದ. ಪೋಂ... ಅಂತ ಹಾರನ್ ಒತ್ಕಂಡು, ಪಕ್ಕಕ್ಕೆ ಎಳ್ದು, ಒಂಟೋಯ್ತು. ಧೂಳು ಮಾತ್ರ ನಿಂತಿತ್ತು. ಆ ಮರದಡೀಲಿ ಅಪರಾತ್ರೀಲಿ ಕೈ ಅಡ್ಡ ಹಾಕ್ದೋನಿಗೆ ಯಾರು ನಿಲ್ಲಿಸ್ತಾರೆ?

ಅವ್ವನ್ನ ಹೆಗಲ ಮ್ಯಾಲೆ ಹೊತ್ಕಂಡು ಓಡನ ಅಂದ್ರೆ ಸಾತನೂರೇ ದೂರ, ಕನಕಪುರ ಎಲ್ಲಿ. ಬುಟ್ಟು ಹೋಗನ ಅಂದ್ರೆ ಬರಷ್ಟರಲ್ಲಿ ಇರ್ತಾಳೋ ಇಲ್ವೋ. ಉಸಿರಿನ ಸದ್ದು ಬೇರೆ ಸಣ್ಣಗಾಗ್ತಿತ್ತು. ಮೊದ್ಲು ಜೋರಾಗಿ ಕೇಳ್ತಿದ್ದಿದ್ದು ಈಗ ಕಿವಿಗೊಟ್ರೆ ಮಾತ್ರ... ಸುಯ್ಯ್... ಅಂತ. ಬಾನೆಟ್ ಕಂಬೀಗೆ ಹಣೆ ಇಟ್ಟು ಅತ್ತ. ಯಾರಾದ್ರೂ ಒಸಿ ಬರ್ರಪ್ಪಾ, ಯಾರಾದ್ರೂ ಸರಿ ಅಂತ ಬಾಯಿಬುಟ್ಟು ಕೂಗ್ದ.

ಯಾರಾದ್ರೂ ಸರಿ. ಹಂಗೇ ಅಂದ್ನಂತೆ.

ಬಾವಲಿ ಸದ್ದು ನಿಂತೋಯ್ತು. ಒಸಿ ಹೊತ್ತು ಏನೂ ಇಲ್ಲ. ಆಮೇಲೆ ಬಾವಿ ಕಡೆಯಿಂದ ಒಣ ಎಲೆ ಮ್ಯಾಲೆ ಚರ್... ಚರ್... ಯಾರೋ ನಿಧಾನಕ್ಕೆ ನಡ್ಕಂಡು ಬರೋ ಸದ್ದು. ಕಾರಿನ ಬಾಗ್ಲು ಕಟಕ್ ಅಂತು. ಗಾಡಿ ಮುಂದ್ಗಡೆ ಒಸಿ ಕುಸೀತು, ಸೀಟಲ್ಲಿ ಯಾರೋ ಕೂತಂಗೆ.

ದೇವರಾಜನಿಗೆ ಅನುಮಾನ ಬರಲಿಲ್ಲ. ಯಾಕೆ ಅಂದ್ರೆ ನಮ್ಮ ಕಡೆ ತ್ರೀ ಫೇಸ್ ಕರೆಂಟು ಕೊಡ್ತಿದ್ದಿದ್ದೇ ರಾತ್ರಿ. ಹಿಪ್ಪುನೇರಳೆಗೆ ನೀರು ಬುಡಕ್ಕೆ ಜನ ಸರಹೊತ್ತಲ್ಲಿ ಎದ್ದು ಮೋಟರ್ ಹಾಕಕ್ಕೆ ಹೋಗೋರು. ಹಂಗೆ ಬಂದೋರು ಯಾರೋ ಇರ್ಬೇಕು ಅಂದ್ಕಂಡ. ಯಾರು ಅಂತ ಕೇಳ್ದ.

“ಏನ್ ನೋಡ್ಬೇಕು ಹೇಳು.”

ಪಿಸುಮಾತು. ಗಂಡಸೋ ಹೆಂಗಸೋ ತಿಳೀಲಿಲ್ಲ. ಗಂಟಲು ಕಟ್ಟಿದೋರು ಮಾತಾಡಿದಂಗೆ.

“ಹಳ್ದಿ ದೀಪ. ಎಷ್ಟ್ ಸಲ ಮಿಣುಕ್ತದೆ ಹೇಳಿ.”

ವೈರ್ ಒತ್ತಿ ಹಿಡ್ದ. ಒಳಗಿಂದ ನಿಧಾನಕ್ಕೆ ಬಂತು.

“ಒಂದು...” ಆಮೇಲೆ, “ಎರಡು.”

ಹನ್ನೆರಡು. ಎಲ್ಲ ಸರಿ. ಮತ್ತೆ ಕೇಳ್ದ. ಮತ್ತೆ ಒಂದು... ಎರಡು. ಅವ್ವ ಸಾಯ್ತಾ ಅವ್ಳೆ, ಗಾಡಿ ಮಾತ್ರ ನಂಗೇನೂ ಆಗಿಲ್ಲ ಅಂತದೆ. ಕಲ್ಲು ತಗಂಡು ಆ ದೀಪ ಜಜ್ಜಿಬುಡ್ಬೇಕು ಅನ್ನಿಸ್ತಂತೆ. ಆಗ ಹೊಳೀತು ಅವನಿಗೆ. ಗ್ಯಾರೇಜಲ್ಲಿ ಯಾವಾಗ್ಲೂ ಗಾಡಿ ಸರಿಯಾಗಿದ್ದಾಗ ನೋಡಿದ್ದು. ಇಂಜಿನ್ನು ಹಿಡೀದೇ ಇರೋವಾಗ ಒಸಿ ಹೊತ್ತು ಬುಡದೆ ತಿರುಗ್ಸಿದ್ರೆ ತಾನೆ ಆ ಕಂಪ್ಯೂಟರ್‌ಗೆ ಏನು ಕೆಟ್ಟೈತೆ ಅಂತ ಗೊತ್ತಾಗೋದು? ಇವನು ಬ್ಯಾಟ್ರಿ ಇಳೀತದೆ ಅಂತ ಹೆದರಿ ಒಂದೊಂದೇ ಸುತ್ತು ತಿರುಗ್ಸಿ ಬುಟ್ಬುಟ್ಟಿದ್ದ. ಈಗ ಬ್ಯಾಟ್ರಿ ಹೋದ್ರೆ ಹೋಯ್ತು, ಎಲ್ಲಾನೂ ಹೋಯ್ತು. ಆದ್ರೆ ಬೇರೆ ದಾರಿ ಇಲ್ಲ.

“ಚಾವಿ ತಿರುಗ್ಸಿ. ಸಾಕು ಅನ್ನೋಗಂಟ ಬುಡಬ್ಯಾಡಿ.”

ಗರ್ರ್ ಗರ್ರ್ ಗರ್ರ್ ಗರ್ರ್... ಗರ್ರ್... ಗ...ರ್ರ್... ಸ್ವರ ಇಳೀತಾ ಬಂತು. ಸಾಕು ಅಂದ. ವೈರ್ ಮತ್ತೆ ಒತ್ತಿ ಹಿಡ್ದ.

“ನಾಕು...” ಅಂತ ಪಿಸುಗುಟ್ತು. “ಎರಡು.”

ನಲವತ್ತೆರಡು. ಇಂಜಿನ್ನು ಎಲ್ಲಿಗೆ ತಿರುಗ್ತು ಅಂತ ಕಂಪ್ಯೂಟರ್‌ಗೆ ಹೇಳೋ ಸೆನ್ಸರ್ ಒಂದೈತೆ, ಅದರಿಂದ ಸುದ್ದಿ ಬರ್ತಿಲ್ಲ ಅಂತ. ಸುದ್ದಿ ಇಲ್ದೆ ಕಂಪ್ಯೂಟರ್ ಕಿಡಿ ಕೊಡಕ್ಕಿಲ್ಲ. ದೇವರಾಜ ಆ ಸೆನ್ಸರಿನ ವೈರ್ ಹಿಡ್ದು ಬೆರಳಲ್ಲಿ ಉಜ್ಜಿಕಂಡು ಹೋದ. ಒಂದು ಕಡೆ ಮೆತ್ತಗಿತ್ತು, ಎಳೆದ್ರೆ ರಬ್ಬರಿನಂಗೆ ಉದ್ದ ಬಂತು. ಮೇಲಿನ ಪ್ಲಾಸ್ಟಿಕ್ಕು ನೆಟ್ಟಗೈತೆ, ಒಳಗಿನ ತಾಮ್ರ ತುಂಡಾಗೈತೆ. ಕತ್ತರಿ ಇಲ್ಲ, ಚಾಕು ಇಲ್ಲ. ಹಲ್ಲಲ್ಲೇ ಕಚ್ಚಿ ಸಿಪ್ಪೆ ಎಳ್ದ. ತುಟಿ ಹರ್ದು ರಕ್ತ ಬಂತು. ಎರಡು ತುದೀನೂ ಸೇರಿಸಿ ತಿರುಚಕ್ಕೆ ಶುರು ಮಾಡ್ದ.

ಆವಾಗ ಕೇಳಿಸ್ತು... ಕಾರೊಳಗೆ ಮಾತು.

ಸಣ್ಣಕೆ, ಇಬ್ರು ಮಾತಾಡ್ಕಳೋ ಸದ್ದು. ಒಂದು ಆ ಪಿಸುಮಾತು. ಇನ್ನೊಂದು ಅವನ ಅವ್ವನದು. ಒಂದಕ್ಷರ ಆಡಕ್ಕಾಗದೆ ಇದ್ದೋಳು ಉಸಿರು ಎಲ್ಲೂ ಕಟ್ಟದೇನೆ, ಮನೆ ಜಗಲೀಲಿ ಕೂತು ಮಾತಾಡೋ ಥರ ಮಾತಾಡ್ತಾವ್ಳೆ. ಸುಯ್ಯ್ ಅನ್ನೋದು ಇಲ್ಲ. ದೇವರಾಜನ ಕೈಯಲ್ಲಿದ್ದ ವೈರ್ ಹಂಗೇ ನಿಂತೋಯ್ತು. ಅವ್ವ ಅಂತ ಕೂಗ್ದ.

ಮಾತು ನಿಂತೋಯ್ತು.

“ನೀನ್ ಕೆಲ್ಸ ನೋಡು” ಅಂತು ಆ ದನಿ.

ನೋಡ್ದ. ಇನ್ನೇನು ಮಾಡ್ತಾನೆ? ಬಗ್ಗಿ ಒಳಗೆ ಯಾರು ಅಂತ ನೋಡ್ಬೇಕು ಅನ್ನಿಸ್ತಂತೆ. ನೋಡಿದ್ರೆ ಆಮೇಲೆ ಕೈ ಕೆಲ್ಸ ಮಾಡಕ್ಕಿಲ್ಲ ಅಂತ್ಲೂ ಅನ್ನಿಸ್ತಂತೆ. ಕಣ್ಣು ಮುಚ್ಕಂಡು ತಾಮ್ರ ತಿರುಚ್ದ. ಜೇಬಲ್ಲಿದ್ದ ಬೀಡಿ ಕಟ್ಟಿನ ದಾರ ಸುತ್ತಿ ಬಿಗಿದ. ಹಾಕಿ ಅಂದ, ಅವನ ದನಿ ಅವನಿಗೇ ಕೇಳ್ಲಿಲ್ಲ.

ಗ...ರ್ರ್... ಬುರ್ರ್ ಅಂತ ಹಿಡ್ಕಂತು.

ಬಾನೆಟ್ ಧಡ್ ಅಂತ ಮುಚ್ದ. ಗಾಜಿನಾಚೆ ಡ್ರೈವರ್ ಸೀಟು ಖಾಲಿ. ಬಾಗ್ಲು ಮುಚ್ಚೈತೆ. ಬಾಗ್ಲು ತೆಗೆದ ಸದ್ದು ಆಗಿರ್ಲಿಲ್ಲ, ಎಲೆ ಮ್ಯಾಲೆ ಹೆಜ್ಜೆ ಸದ್ದೂ ಇಲ್ಲ. ಸಾತನೂರ್ ಗಂಟ ಬುಡ್ತೀನಿ ಬನ್ನಿ ಅಂತ ಕತ್ತಲಿಗೆ ಒಂದ್ಸಲ ಹೇಳ್ದ. ಯಾರೂ ಇಲ್ಲ. ನಿಲ್ಲಕ್ಕೆ ಹೊತ್ತಿಲ್ಲ. ಸೀಟಿಗೆ ನುಗ್ಗಿದ. ಮೊಣಕಾಲು ಎರಡೂ ಸ್ಟೇರಿಂಗಿಗೆ ಗುದ್ದಿದ್ವು. ಅದನ್ನೂ ನೋಡ್ಲಿಲ್ಲ. ಕನಕಪುರಕ್ಕೆ ಹೆಂಗ್ ಬಂದೆ ಅಂತ ಇವತ್ತಿಗೂ ಗೊತ್ತಿಲ್ಲ ಅಂತಾನೆ. ದಾರಿಯುದ್ದಕ್ಕೂ ಅವನು ಒಂದ್ ಮಾತೂ ಆಡ್ಲಿಲ್ಲ. ಇಂಜಿನ್ ಸದ್ದು ಕೇಳ್ಕಂಡು, ಹಲ್ಲು ಕಚ್ಕಂಡು ಓಡ್ಸಿದ.

ಆಸ್ಪತ್ರೇಲಿ ಆಕ್ಸಿಜನ್ ಹಾಕಿದ್ರು, ಸೂಜಿ ಮ್ಯಾಲೆ ಸೂಜಿ ಕೊಟ್ರು. ಇನ್ನೊಸಿ ತಡ ಆಗಿದ್ರೆ ನಮ್ ಕೈಲಿ ಆಗ್ತಿರ್ಲಿಲ್ಲ ಅಂದ್ರಂತೆ ಡಾಕ್ಟ್ರು. ಬೆಳಕು ಹರಿಯೋ ಹೊತ್ತಿಗೆ ಚಿಕ್ಕವ್ವ ಕಣ್ ಬುಟ್ಲು. ಮಗನ ತುಟಿ ನೋಡಿ ಏನಾಯ್ತು ಅಂತ ಕೇಳಿದ್ಲು. ಅವನು ಅದನ್ನ ಬುಟ್ಟು, ರಾತ್ರಿ ಮುಂದಿನ ಸೀಟಲ್ಲಿ ಕೂತು ನಿನ್ ಜೊತೆ ಮಾತಾಡ್ದೋರು ಯಾರವ್ವ ಅಂತ ಕೇಳ್ದ.

ಚಿಕ್ಕವ್ವ ಅವನ ಮಖ ನೋಡಿದ್ಲು.

“ಯಾರು ಅಂದ್ರೆ? ನೀನೇ ತಾನೆ.”

“ನಾನು ಬಾನೆಟ್ ತಾವ ಇದ್ದೆ ಕಣವ್ವ.”

“ಬಾನೆಟ್ ತಾವ ಯಾರೋ ಇದ್ದ. ಅಳ್ತಿದ್ದ. ಯಾರು ಅಂತ ನಾನೇ ಕೇಳ್ಬೇಕು ಅಂದ್ಕಂಡಿದ್ದೆ. ನೀನು ನನ್ ಮುಂದೇನೇ ಕೂತಿದ್ದೆಯಲ್ಲ ಮಗ. ನಿನ್ ಬೆನ್ನು ನಂಗೆ ಗೊತ್ತಾಗಕ್ಕಿಲ್ವಾ?”

ಕಣ್ಣು ಮುಚ್ಬ್ಯಾಡ ಅವ್ವ, ನನ್ ಜೊತೆ ದೀಪ ಎಣ್ಸು, ಮಲಗಿಬುಟ್ರೆ ಏಳಕ್ಕಿಲ್ಲ ಅಂತ ನೀನು ಹೇಳ್ತಾ ಇದ್ದೆ ಅಂದ್ಲು. ದಾರಿಯುದ್ದಕ್ಕೂ ಹಂಗೇ ಮಾತಾಡಿಸ್ಕಂಡೇ ಬಂದೆಯಲ್ಲೋ, ಅದಕ್ಕೇ ಉಳ್ದೆ ಕಣಪ್ಪ ಅಂದ್ಲು.

ದೇವರಾಜ ಮಂಚದ ಹತ್ರಕ್ಕೆ ಬಗ್ಗಿದ. ಇನ್ನೇನಂದೆ ನಾನು ಅಂತ ಕೇಳ್ದ.

“ಗಾಡಿ ಹೊರಡಕ್ಕೆ ಮುಂಚೆ ಒಂದು ಮಾತು ಕೇಳ್ದೆ. ನಾನೂ ಬರ್ಲಾ ಅವ್ವ... ಅಂತ.”

“ನೀನೇನಂದೆ?”

“ಇದೇನ್ ಮಗ ಹಿಂಗ್ ಕೇಳ್ತೀಯ, ಬಾ ಅಂದೆ.”

ದೇವರಾಜ ಆಸ್ಪತ್ರೆ ಅಂಗಳಕ್ಕೆ ಬಂದು ಕಾರಿನ ಬಾಗ್ಲು ತೆಗ್ದ. ಬಿಸ್ಲು ಬಿದ್ದಿತ್ತು. ಆಗ ನೋಡಿದ್ದು ಅವನು, ಡ್ರೈವರ್ ಸೀಟು ಪೂರ್ತಿ ಮುಂದಕ್ಕೆ ಬಂದ್ಬುಟ್ಟಿತ್ತು. ಸ್ಟೇರಿಂಗಿಗೂ ಸೀಟಿಗೂ ಮಧ್ಯೆ ಒಂದು ಮಗು ಕೂರಷ್ಟು ಜಾಗ. ಅವನು ಆರಡಿ ಆಳು. ಕೆಳಗಿನ ಕಂಬಿ ಎತ್ತಿ ಹಿಂದಕ್ಕೆ ತಳ್ಳಿದ. ಬರಲಿಲ್ಲ. ಗ್ಯಾರೇಜಿಗೆ ತಗಂಡೋದ ಮ್ಯಾಲೆ ಮೂರು ಜನ ಸೇರಿ ತಳ್ಳಿದ್ರು. ಹಳಿಗೆ ಗ್ರೀಸ್ ಹಚ್ಚಿದ್ರು, ತುಕ್ಕು ಇರ್ಲಿಲ್ಲ, ಎಲ್ಲೂ ಬಗ್ಗಿರ್ಲಿಲ್ಲ. ಬರಲೇ ಇಲ್ಲ.

ವೈರಿಗೆ ಹೊಸ ತುಂಡು ಹಾಕಿ ಗಾಡಿ ವಾಪಸ್ ಕೊಟ್ರು. ಅವತ್ತಿಂದ ಅದು ಒಂದ್ಸಲಾನೂ ನಿಲ್ಲಲಿಲ್ಲ. ಬೋರಲಿಂಗಯ್ಯನೋರು ಮೊದ್ಲು ಖುಷಿಯಾಗಿದ್ರು. ಒಸಿ ದಿನ ಆದ ಮ್ಯಾಲೆ ಮಾರ್ಬುಟ್ರು. ಯಾಕೆ ಅಂತ ಯಾರಿಗೂ ಹೇಳ್ಲಿಲ್ಲ. ದೇವರಾಜ ಹೆಂಡ್ತಿ ಮಗು ಕರ್ಕಂಡು ಚನ್ನಪಟ್ಟಣದಲ್ಲೇ ಮನೆ ಮಾಡ್ದ, ಚಿಕ್ಕವ್ವ ನಮ್ಮನೇಲೇ ಉಳ್ಕಂಡ್ಲು. ಊರಿಗೆ ಬಂದ್ರೂ ಹಗಲೇ ಬಂದು ಹಗಲೇ ಒಂಟೋಯ್ತಾನೆ. ಆ ಬಾವೀಲಿ ಯಾರಾದ್ರೂ ಬಿದ್ದು ಸತ್ತಿದ್ರಾ ಅಂತ ನಾನು ನಮ್ಮೂರ ಕೆಂಚಯ್ಯಜ್ಜನ್ನೂ ಕೇಳ್ದೆ, ಇನ್ನೂ ಇಬ್ರು ಮುದುಕ್ರನ್ನ ಕೇಳ್ದೆ. ಒಬ್ಬೊಬ್ರು ಒಂದೊಂದು ಹೇಳಿದ್ರು. ನಾನು ಕಾಣದೆ ಇದ್ದಿದ್ದನ್ನ ಹೇಳಕ್ಕಿಲ್ಲ.

ನಾನು ಕಂಡಿದ್ದು ಇಷ್ಟೇ. ಆಮೇಲೆ ಒಂದಿನ ಮದುವೆ ಅಂತ ಮಾಗಡಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡ್ ಪಕ್ಕ ಬಾಡಿಗೆ ಗಾಡಿಗಳ ಸಾಲಲ್ಲಿ ಆ ಬಿಳಿ ಕಾರು ನಿಂತಿತ್ತು. ನಂಬರ್ ಪ್ಲೇಟು ಹಳದಿ ಮಾಡ್ಸಿದ್ರು, ನಂಬರು ಅದೇ. ಡ್ರೈವರು ನನಗಿಂತ ಎತ್ತರ. ಮೊಣಕಾಲು ಎರಡನ್ನೂ ಸ್ಟೇರಿಂಗಿನ ಆಕಡೆ ಈಕಡೆ ಅಗಲಿಸ್ಕಂಡು, ಎದೆ ಅದಕ್ಕೆ ತಾಗಿಸ್ಕಂಡು ಕೂತು ಟೀ ಕುಡೀತಿದ್ದ. ಸೀಟು ಒಸಿ ಹಿಂದಕ್ಕೆ ಹಾಕ್ಕೋಬಾರ್ದೇನಪ್ಪ ಅಂದೆ.

“ಹಿಂದಕ್ಕೆ ಹೋಗಕ್ಕಿಲ್ಲ ಸಾ. ತಗಂಡಾಗ್ಲಿಂದ್ಲೂ ಹಿಂಗೇ” ಅಂದ. ಆಮೇಲೆ ಲೋಟ ಕೆಳಗಿಟ್ಟು, “ಅದೊಂದ್ ಬುಟ್ರೆ ಒಳ್ಳೇ ಗಾಡಿ. ಎಷ್ಟ್ ಸರಹೊತ್ನಲ್ಲಿ ಒಬ್ನೇ ಓಡ್ಸಿದ್ರೂ ನಿದ್ದೆ ಬರಕ್ಕಿಲ್ಲ” ಅಂದ.

ಯಾಕೆ ಅಂತ ನಾನು ಕೇಳ್ಲಿಲ್ಲ. ನೀವು ನಂಬ್ತೀರೋ ಬುಡ್ತೀರೋ... ಆ ಕಾರಿನ ಪಕ್ಕ ನಿಂತು ಆ ಮಾತು ಕೇಳ್ದೋನು ನಾನೇ. ಇದು ನಡೆದಿದ್ದು.